ಮೂರಲಗಿನ ಚಾಕುಗಳ ಮೇಷ್ಟ್ರು

ಹೋದ ತಿಂಗಳು ಒಂದು ಮಂಗಳವಾರ ಕೊಳ್ಳೇಗಾಲದ ಬಸ್ ನಿಲ್ದಾಣದ ಪಕ್ಕ ಅವರೆಕಾಯಿ ಆರಿಸುತ್ತಿದ್ದೆ. ಹನೂರಿನಿಂದ ಬಂದ ಬಸ್ಸಿನ ಕಂಡಕ್ಟರು ಇಳಿದವನೇ ನೇರವಾಗಿ ನನ್ನ ಹತ್ತಿರ ಬಂದ. ನಮ್ಮ ಶಾಲೆಯಲ್ಲಿ ಓದಿದವನು.

"ಟೀಚರಮ್ಮ, ಚಾಕು ಮೇಷ್ಟ್ರು ಓಗ್ಬುಟ್ರಂತೆ ಕಣಮ್ಮ. ಶಾಗ್ಯದೋರು ಬಸ್ನಲ್ಲಿ ಮಾತಾಡ್ತಿದ್ರು. ಆಗ್ಲೇ ಒಂದು ವಾರ ಆಯ್ತಂತೆ" ಅಂದ.

ನಾನು ಕಾಯಿ ಆರಿಸುತ್ತಲೇ ಇದ್ದೆ. ಮನೆಗೆ ಬಂದು ಮೊರಕ್ಕೆ ಸುರಿದು ನೋಡಿದರೆ ಅರ್ಧಕ್ಕರ್ಧ ಹುಳುಕು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಂದು ಸಂಗತಿಯನ್ನು ಮುಚ್ಚಿಟ್ಟುಕೊಳ್ಳಲು ಅವರು ಪಟ್ಟ ಪಾಡನ್ನು ಕಣ್ಣಾರೆ ಕಂಡವಳು ನಾನು. ಹೆಸರು ಬರೆದರೂ ಊರಿನವರಿಗೆ ಗುರುತು ಸಿಗುವುದು ಕಷ್ಟವೇ. ಎಲ್ಲರಿಗೂ ಅವರು ಚಾಕು ಮೇಷ್ಟ್ರು. "ಪಾಪ, ಒಳ್ಳೆ ಮನುಷ್ಯ, ಚಾಕು ಹುಚ್ಚು ಹಿಡೀತು" ಎಂದು ಈಗಲೂ ಹೇಳುತ್ತಾರೆ. ಹುಚ್ಚು ಯಾಕೆ ಹಿಡಿಯಿತು ಎಂದು ಗೊತ್ತಿದ್ದವರು ಅವರು ಮತ್ತು ನಾನು. ಈಗ ನಾನೊಬ್ಬಳು.

ಕೊಳ್ಳೇಗಾಲ ಮದ್ರಾಸು ಸೀಮೆಯನ್ನು ಬಿಟ್ಟು ಮೈಸೂರಿಗೆ ಸೇರಿದ ಮಾರನೆಯ ವರ್ಷ ನಾನು ಆ ಶಾಲೆಗೆ ಹೊಲಿಗೆ ಟೀಚರಾಗಿ ಹೋದೆ. ಅವರು ಮರಗೆಲಸ ಕಲಿಸುವ ಮೇಷ್ಟ್ರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಇಬ್ಬರಿಗೂ ಸೇರಿ ಹಿತ್ತಲಲ್ಲಿ ಒಂದೇ ಹೆಂಚಿನ ಕೊಠಡಿ. ಬಾಗಿಲ ಕಡೆಯ ಅರ್ಧ ನನ್ನ ಹುಡುಗಿಯರದು, ಅಲ್ಲೊಂದು ಹೊಲಿಗೆ ಮಿಷನ್ನು. ಕಿಟಕಿ ಕಡೆಯ ಅರ್ಧ ಅವರ ಹುಡುಗರದು, ಅಲ್ಲಿ ನೆಲದ ತುಂಬ ಮರದ ಸಿಪ್ಪೆ. ಮೊದಲ ವಾರವೇ ಜಗಳ.

"ಟೀಚರಮ್ಮ, ನಿಮ್ಮೆಣ್ಮಕ್ಳಿಗೆ ಯೇಳಿ, ಸೂಜಿ ಎಣಿಸ್ಕಂಡು ಓಗ್ಲಿ. ನಿನ್ನೆ ಒಬ್ನ ಕಾಲ್ಗೆ ಚುಚ್ಕಂಡಿತ್ತು."

"ನಿಮ್ಮ ಸಿಪ್ಪೆ ಗುಡಿಸಿ ಮೇಷ್ಟ್ರೇ, ಸೂಜಿ ತಾನಾಗಿ ಕಾಣುತ್ತೆ."

ಜೋರಾಗಿ ನಕ್ಕರು. ಮಾರನೆಯ ದಿನದಿಂದ ಸಂಜೆ ಅವರೇ ಪೊರಕೆ ಹಿಡಿದು ಎರಡೂ ಕಡೆ ಗುಡಿಸಿ ಹೋಗುತ್ತಿದ್ದರು.

ಅವರ ಊರು ಹನೂರಿನ ಹತ್ತಿರದ ಶಾಗ್ಯ. ಬೇಸಾಯ ಅಣ್ಣನ ಪಾಲಿಗೆ, ಓದು ಇವರ ಪಾಲಿಗೆ. ಉದ್ದನೆಯ ಆಳು, ಬಿಳಿ ಷರಟು, ಷರಟಿನ ತೋಳು ಯಾವಾಗಲೂ ಮೊಣಕೈ ಮೇಲಕ್ಕೆ ಮಡಿಚಿದ್ದು. ಆ ತೋಳನ್ನು ನೆನಪಿಟ್ಟುಕೊಂಡಿದ್ದೇನೆ, ಏಕೆಂದರೆ ಮುಂದೊಂದು ವರ್ಷದಿಂದ ಅದು ಮಣಿಕಟ್ಟಿನವರೆಗೆ ಇಳಿದು ಗುಂಡಿ ಹಾಕಿಕೊಂಡುಬಿಟ್ಟಿತು. ಆ ಮಾತು ಆಮೇಲೆ.

ಹುಡುಗರನ್ನು ಹೊಡೆದದ್ದು ನಾನು ಕಂಡಿಲ್ಲ. ಬೈಗುಳವೇ ಸಾಕಾಗುತ್ತಿತ್ತು. "ಲೇ, ಇದು ಬುಗುರಿಯೇನ್ಲಾ? ನಿಮ್ಮೂರ ಗೌಡ್ರ ಮೂಗು ಕಣ್ಲಾ ಇದು! ಓಗು, ಅವರ್ಗೇ ಕೊಟ್ಬುಟ್ಟು ಬಾ!" ಎಂದರೆ ಕೊಠಡಿಯೆಲ್ಲ ನಗು, ಬೈಸಿಕೊಂಡವನದೂ ಸೇರಿ. ಆಮೇಲೆ ಅವನ ಹಿಂದೆ ಕುಳಿತು, ಅವನ ಕೈಮೇಲೆ ತಮ್ಮ ಕೈಯಿಟ್ಟು, ಚಾಕು ಎಷ್ಟು ಓರೆಯಾಗಿ ಹೋಗಬೇಕು ಎಂದು ತೋರಿಸುವರು. ಕೈಮೇಲೆ ಕೈಯಿಟ್ಟು ಕಲಿಸುವುದೊಂದೇ ಅವರಿಗೆ ಗೊತ್ತಿದ್ದ ಪಾಠ. ಬೋರ್ಡಿನ ಮೇಲೆ ಒಂದು ಗೆರೆಯನ್ನೂ ಎಳೆದವರಲ್ಲ.

ಬಿಡುವಿನ ಹೊತ್ತಿನಲ್ಲಿ ತಾವೇ ಕೆತ್ತುತ್ತಿದ್ದರು. ಒಂದೇ ಕಟ್ಟಿಗೆಯಿಂದ ಸರಪಣಿ ಬಿಡಿಸುವುದು ಅವರ ಹೆಮ್ಮೆಯ ಕೆಲಸ. ಎಲ್ಲೂ ಅಂಟಿಲ್ಲ, ಕೀಲಿಲ್ಲ. ಗೇಣುದ್ದದ ಹಾಲೆಮರದ ತುಂಡಿನೊಳಗಿಂದ ಕೊಂಡಿಗೊಂದು ಕೊಂಡಿ ಕಳಚಿ ಬರುತ್ತಿತ್ತು.

ಅದಕ್ಕೆ ಅವರಿಗೆ ಬೇಕಾದದ್ದು ಒಂದೇ ಜಾತಿಯ ಚಾಕು. ಜೇಬಿನಲ್ಲಿ ಮಡಿಚಿಡುವಂಥದು, ಪರದೇಶದ್ದು, ಹಳೆಯದು. ಒಂದು ತುದಿಯಲ್ಲಿ ಒಂದು ದಪ್ಪ ಅಲಗು, ಇನ್ನೊಂದು ತುದಿಯಲ್ಲಿ ಎರಡು ಸಣ್ಣವು. ಬೆನ್ನಲ್ಲಿ ಅಲಗನ್ನು ಬಿಗಿಹಿಡಿಯುವ ಎರಡು ಕಮಾನು. ಸಣ್ಣ ಅಲಗುಗಳಿಗೆ ಒಂದೊಂದು ಕಮಾನು, ದೊಡ್ಡದು ಎರಡರ ಮೇಲೂ ಕೂತಿರುತ್ತದೆ. ಮರ ಕೆತ್ತುವವರಿಗೆಂದೇ ಬಿಳಿಯರ ಸೀಮೆಯಲ್ಲಿ ಮಾಡುತ್ತಿದ್ದ ಚಾಕುಗಳಂತೆ ಅವು. ಅವರು ಕರೆಯುತ್ತಿದ್ದದ್ದು 'ಮೂರಲಗು' ಎಂದು. "ದೊಡ್ಡದು ದುಡಿಯಾಕೆ, ಚಿಕ್ಕವೆರಡು ತಿದ್ದಾಕೆ. ಮನೇಲಿ ಅಪ್ಪ, ಅವ್ವ, ಅಜ್ಜಿ ಇದ್ದಂಗೆ" ಅನ್ನುವರು. ಯಾರು ಅಪ್ಪ, ಯಾರು ಅಜ್ಜಿ ಎಂದು ನಾನು ಕೇಳಲಿಲ್ಲ.

ನಾನು ಹೋದಾಗ ಅವರ ಹತ್ತಿರ ಇದ್ದದ್ದು ಎರಡು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಮಗ್ಗದ ಮನೆಗಳಿಂದ ಬೇಡಿ ತಂದ ರೇಷ್ಮೆ ಚಿಂದಿಯಲ್ಲಿ ಸುತ್ತಿ ಇಡುತ್ತಿದ್ದರು. ಒಂದಕ್ಕೆ ಜಿಂಕೆ ಕೊಂಬಿನ ಹಿಡಿ, ಒಂದಕ್ಕೆ ಕರಿಮರದ್ದು. ಶನಿವಾರ ಶಾಲೆ ಬಿಟ್ಟ ಮೇಲೆ ಎರಡನ್ನೂ ಬಿಚ್ಚಿ, ಕೀಲಿಗೆ ಕೋಳಿಗರಿಯಿಂದ ಒಂದೊಂದು ಹನಿ ಹರಳೆಣ್ಣೆ ಬಿಟ್ಟು, ಕಿವಿಯ ಹತ್ತಿರ ಹಿಡಿದು ಮುಚ್ಚುವರು. ಟಕ್. "ಕೇಳುದ್ರಾ? ಒಳ್ಳೆ ಚಾಕು ಮುಚ್ಚುವಾಗ ಒಂದೇ ಮಾತಾಡ್ತದೆ. ಎರಡು ಮಾತಾಡ್ತೂ ಅಂದ್ರೆ ಅದ್ರ ಕೀಲು ಸಡಿಲ."

ಮೂರನೆಯದು ಬಂದ ಕತೆ ಶಾಲೆಗೆಲ್ಲ ಗೊತ್ತಿತ್ತು. ಯಳಂದೂರಿನಲ್ಲಿ ಒಬ್ಬ ಮುದುಕ ಇದ್ದ. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದಲ್ಲಿ ಬಿಳಿ ದೊರೆಯೊಬ್ಬನಿಗೆ ಅಡುಗೆ ಮಾಡಿಕೊಂಡಿದ್ದವನು. ದೊರೆ ಊರಿಗೆ ಹೋಗುವಾಗ ಅವನಿಗೊಂದು ಮೂರಲಗು ಕೊಟ್ಟುಹೋಗಿದ್ದ. ಹಿಡಿ ಮುತ್ತಿನ ಚಿಪ್ಪಿನದು. ಮುದುಕ ಅದರಲ್ಲಿ ಸುವರ್ಣಗೆಡ್ಡೆ ಹೆರೆಯುತ್ತಿದ್ದ. ಮೇಷ್ಟ್ರು ಹೋಗಿ ನೋಡಿ ಹೌಹಾರಿಬಿಟ್ಟರು.

"ಅಯ್ಯೋ ತಾತ, ಅದ್ರಲ್ಲಿ ಗೆಡ್ಡೆ ಎರೀಬೇಡ!"

"ದೊರೆ ಇದ್ರಲ್ಲಿ ಪೆನ್ಸಿಲ್ ಕೆತ್ತೋನು ಕಣಪ್ಪ. ಪೆನ್ಸಿಲ್ ತಿನ್ನಾಕಾಯ್ತದಾ?"

ಎರಡು ವರ್ಷ, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ, ಮುದುಕನಿಗೆ ಸೌಟು, ಸಟ್ಟುಗ, ಮೊಮ್ಮಗಳಿಗೆ ಗಿಲಕಿ, ಕೊನೆಗೆ ಒಂದು ತೊಟ್ಟಿಲ ಗೊಂಬೆಯ ಸಾಲನ್ನೇ ಕೆತ್ತಿಕೊಟ್ಟರು. ಒಂದು ದಿನ ಮುದುಕ ಚಾಕನ್ನು ನೆಲದ ಮೇಲಿಟ್ಟು, "ತಕಂಡೋಗು, ನಿನ್ನ ಕಾಟ ತಪ್ಲಿ" ಅಂದನಂತೆ.

ನೆಲದ ಮೇಲಿಟ್ಟ ಎಂದೆನಲ್ಲ, ಅದು ನಮ್ಮ ಕಡೆ ಎಲ್ಲರೂ ಪಾಲಿಸುವ ವಾಡಿಕೆ. ಚಾಕು, ಕುಡುಗೋಲು, ಕತ್ತರಿ, ಯಾವುದನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಬರುತ್ತದೆ ಅನ್ನುತ್ತಾರೆ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಮೇಷ್ಟ್ರು ಅದನ್ನು ಹುಡುಗರಿಗೂ ಕಡ್ಡಾಯ ಮಾಡಿದ್ದರು. ನಾನೂ ನನ್ನ ಕತ್ತರಿಗೆ ಅದನ್ನೇ ಮಾಡುತ್ತಿದ್ದೆ. ಇದು ಮೊದಲ ಐದಾರು ವರ್ಷದ ಮಾತು. ಆಗ ಎಲ್ಲವೂ ಚೆನ್ನಾಗಿತ್ತು.

ಆಮೇಲೆ ಚಾಕುಗಳು ಬೇಗಬೇಗ ಬರತೊಡಗಿದವು. ಐದು ವರ್ಷಕ್ಕೆ ಒಂದು ಬಂದಿದ್ದ ಡಬ್ಬಿಗೆ ಒಂದೇ ವರ್ಷದಲ್ಲಿ ನಾಲ್ಕು ಬಂದವು. ಭಾನುವಾರ ಹನೂರಿಗೆ ಹೋಗಿ ಹಳೆ ಕಬ್ಬಿಣದವರ ಗೋಣಿತಾಟು ಕೆದಕುವರು. ರೇಂಜರ ಮನೆಯವರು, ಪಾದ್ರಿಗಳ ಬಂಗಲೆಯ ಬಟ್ಲರುಗಳು, ಗಡಿಯಾಚೆಯಿಂದ ತಮಿಳು ಮಾತಾಡುತ್ತ ಬರುವ ಸಾಣೆ ಹಿಡಿಯುವವರು, ಎಲ್ಲರನ್ನೂ ಕೇಳುವರು. ಸೋಮವಾರ ಬೆಳಿಗ್ಗೆ ಹೊಸದನ್ನು ನನ್ನ ಮಿಷನ್ನಿನ ಹಲಗೆಯ ಮೇಲಿಡುವರು.

"ಇದ್ನ ನೋಡಿ ಟೀಚರಮ್ಮ. ಇದು ಕೈಗೆ ಕೂರ್ತದೆ."

ಬುಧವಾರದ ಹೊತ್ತಿಗೆ ಮುಖ ಸಪ್ಪಗಾಗಿರುತ್ತಿತ್ತು. "ಇಲ್ಲ ಕಣ್ರಿ, ಇದ್ರ ಹಿಡಿ ಸಣ್ಣ. ಬೆರಳು ನಿಲ್ಲಾಕಿಲ್ಲ." ಮುಂದಿನದು ದಪ್ಪವಾಯಿತು. ಅದರ ಮುಂದಿನದು ನುಣುಪಾಯಿತು. ಒಂದರ ಮೇಲೂ ಬೆರಳು ನಿಲ್ಲಲಿಲ್ಲ. ಸರಪಣಿಯ ಕೊಂಡಿಗಳು ಮುರಿಯತೊಡಗಿದವು. ನಾನು ಆಸೆಬುರುಕತನ ಎಂದುಕೊಂಡೆ. ಸೀರೆ ಅಂಗಡಿಯಲ್ಲಿ ಯಾವ ಸೀರೆಯೂ ಒಪ್ಪದ ಹೆಂಗಸರಿಲ್ಲವೇ, ಹಾಗೆ.

ಆಷಾಢದ ಒಂದು ಮಧ್ಯಾಹ್ನ. ಹುಡುಗಿಯರು ಕಾಜಾ ಹಾಕುತ್ತಿದ್ದರು. ನಾನು ಏನೋ ಕೇಳಲೆಂದು ಕಿಟಕಿ ಕಡೆ ತಿರುಗಿದೆ. ಮೇಷ್ಟ್ರು ತಲೆ ಬಗ್ಗಿಸಿ ಕೆತ್ತುತ್ತಿದ್ದರು. ಬಿಳಿಯ ಹಾಲೆಮರ ಕೆಂಪಾಗಿತ್ತು. ಕೆಳಗೆ ಸಿಪ್ಪೆಯ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.

"ಮೇಷ್ಟ್ರೇ, ರಕ್ತ!"

ಅವರು ತಲೆ ಎತ್ತಿದರು. ನನ್ನ ಮುಖ ನೋಡಿದರು, ಆಮೇಲೆ ಹುಡುಗರನ್ನು ನೋಡಿದರು, ಯಾರಿಗೆ ಏಟಾಯಿತೋ ಎಂದು. ಎಲ್ಲರಾದ ಮೇಲೆ ತಮ್ಮ ಕೈ ನೋಡಿಕೊಂಡರು. ಹಿಂದಿನ ತುದಿಯ ಸಣ್ಣ ಅಲಗು ತೆರೆದುಕೊಂಡು ಬಲಗೈ ಕಿರುಬೆರಳಿನ ಬುಡವನ್ನು ಎಲುಬಿನವರೆಗೆ ಸೀಳಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ನಾನು ಲಂಗದ ಬಟ್ಟೆ ಹರಿದು ಕಟ್ಟಲು ಹೋದೆ. ಹಿಂದಕ್ಕೆ ಸರಿದುಬಿಟ್ಟರು. "ಮುಟ್ಬೇಡಿ. ಅಲ್ಲಿಡಿ, ನಾನೇ ತಕತೀನಿ."

ಬಟ್ಟೆ ತುಂಡು ಚಾಕೇ ಕತ್ತರಿಯೇ, ಕೆಳಗಿಡುವುದಕ್ಕೆ? ಅಂದಿನಿಂದ ನೋಡತೊಡಗಿದೆ. ಜವಾನ ಟೀ ತಂದರೆ, "ಅಲ್ಲಿಡಪ್ಪ." ಹುಡುಗ ಸೀಮೆಸುಣ್ಣ ತಂದರೆ, "ಅಲ್ಲಿಡ್ಲಾ." ಹುಡುಗರ ಕೈಮೇಲೆ ಕೈಯಿಡುವುದು ನಿಂತೇ ಹೋಗಿತ್ತು. ಬಾಯಲ್ಲಿ ಹೇಳುತ್ತಿದ್ದರು, ಅವರಿಗೆ ಬಾರದ ಪಾಠ ಅದು. ಹುಡುಗರು ವಕ್ರವಕ್ರವಾಗಿ ಕೆತ್ತುತ್ತಿದ್ದರು. ಷರಟಿನ ತೋಳು ಮಣಿಕಟ್ಟಿಗೆ ಇಳಿದದ್ದನ್ನು ಆಗಲೇ ಗಮನಿಸಿದ್ದು.

ಒಂದು ಶನಿವಾರ ಎಲ್ಲರೂ ಹೋದ ಮೇಲೆ ನಾನು ಎದ್ದು ಹೋಗಲಿಲ್ಲ. ದಾರ ಸುತ್ತುತ್ತ ಕೂತೆ. ಅವರೂ ಡಬ್ಬಿ ಮುಚ್ಚುವುದು ತೆಗೆಯುವುದು ಮಾಡುತ್ತ ಕೂತರು. ಕೊನೆಗೆ ಗುಂಡಿ ಬಿಚ್ಚಿ ತೋಳನ್ನು ಮೇಲಕ್ಕೆ ಸರಿಸಿದರು. ಮೊಣಕೈಯಿಂದ ಕೆಳಗೆ ಅಂಗೈಯಗಲದ ಮಾಸಿದ ಮಚ್ಚೆ.

"ಚಿಬ್ಬು ಅಂದ್ಕಂಡಿದ್ದೆ" ಅಂದರು.

"ಮುಟ್ಟಿದರೆ ಗೊತ್ತಾಗುತ್ತಾ?"

"ಇಲ್ಲ."

ಕುಷ್ಠ ಎಂಬ ಮಾತನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡ ರೋಗ ಅನ್ನುತ್ತಾರೆ, ಅದನ್ನೂ ದನಿ ಇಳಿಸಿ. ನಾವಿಬ್ಬರೂ ಅಷ್ಟನ್ನೂ ಹೇಳಲಿಲ್ಲ. ಅವರ ಊರಿನಲ್ಲಿ ಆ ರೋಗ ಬಂದವನೊಬ್ಬನನ್ನು ಬಾವಿ ಕಟ್ಟೆ ಹತ್ತಿಸುತ್ತಿರಲಿಲ್ಲವಂತೆ. "ನನ್ನ ಕೆಲ್ಸ ಮಕ್ಳ ಕೈ ಇಡ್ಕಳದು ಟೀಚರಮ್ಮ. ಗೊತ್ತಾದ್ರೆ ಒಂದಿನ ಇಟ್ಕತಾರಾ ನನ್ನ? ಆಮ್ಯಾಕೆ ಎಲ್ಗೋಗ್ಲಿ?" ಎಂದರು. ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡು, "ಕೈಗೇನೂ ಆಗಿಲ್ಲ. ಸರ್ಯಾದ ಚಾಕು ಸಿಕ್ತೂ ಅಂದ್ರೆ ಕೆತ್ತೀನಿ. ನೋಡಿ ಬೇಕಾರೆ" ಎಂದರು. ನೋಡಿ ಎಂದವರು ನನ್ನ ಕಡೆ ನೋಡಲಿಲ್ಲ.

ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಹೇಳಿದೆ. ಒಂದಲ್ಲ, ಹತ್ತು ಸಲ ಹೇಳಿರಬಹುದು. ಅವರು ಪ್ರತಿ ಸಲವೂ ಒಂದು ಹೊಸ ಮೂರಲಗಿನ ಸುದ್ದಿ ಹೇಳಿದರು.

ಹೀಗಿರುವಾಗ ಆ ಸುತ್ತೋಲೆ ಬಂತು. ಶಾಲೆಯ ಮಕ್ಕಳಿಗೂ ಮೇಷ್ಟ್ರುಗಳಿಗೂ ಚರ್ಮದ ಪರೀಕ್ಷೆ. ಮಾಂಬಳ್ಳಿಯ ಕಡೆಯ ಯುವಕನೊಬ್ಬ ಸೈಕಲ್ ಮೇಲೆ ಬರುತ್ತಾನೆ, ಗರಿಯಿಂದ ಮುಟ್ಟಿ ನೋಡುತ್ತಾನೆ. ನಮ್ಮ ಪಕ್ಕದ ಶಾಲೆಯಲ್ಲಿ ಆಗಲೇ ಮಾಡಿದ್ದ. ಹೇಗೆ ಮಾಡುತ್ತಾನೆ ಎನ್ನುವುದನ್ನು ಮೇಷ್ಟ್ರು ಹೋಗಿ ಹುಡುಗರಿಂದ ಬಿಡಿಸಿ ಬಿಡಿಸಿ ಕೇಳಿಕೊಂಡು ಬಂದರು. ಕಣ್ಣು ಮುಚ್ಚಬೇಕು. ಗರಿ ತಾಗಿದಾಗಲೆಲ್ಲ ಒಂದು, ಎರಡು ಎಂದು ಎಣಿಸಬೇಕು.

ಹಿಂದಿನ ದಿನ ನನ್ನ ಮಿಷನ್ನಿನ ಎದುರು ಬಂದು ನಿಂತರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ನೀವು ಅಲ್ಲೇ ಇರ್ತೀರಲ್ಲ, ಬಟ್ಟೆ ಕತ್ತರುಸ್ಕಂಡು. ಅವ್ನು ಮುಟ್ಟಿದಾಗ ಒಂದ್ಸಲ ಕತ್ತರಿ ಆಡ್ಸಿ. ಅಷ್ಟೇಯ."

"ಮೇಷ್ಟ್ರೇ, ಇದು ಸರಿಯಲ್ಲ."

"ಸರಿಯಲ್ಲ ಅಂತ ನಂಗೊತ್ತಿಲ್ವಾ? ನಿಮ್ಮ ಕಾಲು ಇಡ್ಕಂತೀನಿ ಅನ್ನಾಕೂ ಆಗಾಕಿಲ್ವಲ್ಲ ನಂಗೆ. ಮುಟ್ಟಂಗಿಲ್ವಲ್ಲ."

ನಾನು ಕತ್ತರಿ ತೆಗೆದು ಹಲಗೆಯ ಮೇಲಿಟ್ಟೆ.

ಪರೀಕ್ಷೆಗೆ ಬಾಗಿಲಿರುವ ಕೊಠಡಿ ಬೇಕೆಂದು ನಮ್ಮದನ್ನೇ ಕೊಟ್ಟಿದ್ದರು. ಯುವಕ ಲಕ್ಷಣವಾಗಿದ್ದ, ಎಣ್ಣೆ ಹಚ್ಚಿ ಬಾಚಿದ ತಲೆ, ಎಲ್ಲರಿಗೂ 'ಸಾ' ಅನ್ನುತ್ತಿದ್ದ. ಸೈಕಲ್ಲಿಂದ ಇಳಿದವನು ಕೈ ತೊಳೆದು, ಕೋಳಿಗರಿ ತೆಗೆದು, ಒಬ್ಬೊಬ್ಬರನ್ನೂ ಅವಸರವಿಲ್ಲದೆ ನೋಡಿದ. ಮೇಷ್ಟ್ರ ಸರದಿ ಬಂದಾಗ ನಾನು ನೀಲಿ ಪಾಪ್ಲಿನ್ ಬಟ್ಟೆ ಹರಡಿಕೊಂಡು ನಿಂತಿದ್ದೆ. ಅವರು ಕಣ್ಣು ಮುಚ್ಚಿದರು. ತೋಳಿಗೆ, ಮೊಣಕೈಗೆ, ಮಣಿಕಟ್ಟಿಗೆ, ಕಿರುಬೆರಳಿಗೆ ಅವನು ಗರಿ ಮುಟ್ಟಿಸುತ್ತ ಹೋದ. ನಾನು ಕತ್ತರಿ ಆಡಿಸುತ್ತ ಹೋದೆ. ಅವರು ಎಣಿಸುತ್ತ ಹೋದರು. ಒಂದು. ಎರಡು. ಮೂರು. ಒಟ್ಟು ಒಂಬತ್ತು.

"ಏನೂ ಇಲ್ಲ ಸಾ. ಮಚ್ಚೆ ಬರೀ ಚಿಬ್ಬು. ಗಂಧಕದ ಮುಲಾಮು ಅಚ್ಕಳಿ" ಎಂದು ಯುವಕ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಆಮೇಲೆ ನನ್ನ ಬಟ್ಟೆ ಕಡೆ ನೋಡಿ, "ಯಾಕಮ್ಮ, ಲಂಗಾನೆಲ್ಲ ಹಿಂಗೆ ಕೊಚ್ಚಾಕಿದೀರಿ?" ಎಂದು ನಕ್ಕ. ನಿಜ, ಆ ಪಾಪ್ಲಿನ್ ಯಾವುದಕ್ಕೂ ಬರಲಿಲ್ಲ. ಕೈಒರಸು ಮಾಡಿಕೊಂಡೆ.

ಆ ಸಂಜೆ ಮೇಷ್ಟ್ರು ಹುಡುಗರಿಗೆಲ್ಲ ಕಡಲೆಪುರಿ ತರಿಸಿ ಹಂಚಿದರು. ಹಿಂದೆಂದೂ ಅಷ್ಟು ಮಾತಾಡಿದವರಲ್ಲ. "ನೋಡುದ್ರಾ, ಅವ್ನೇ ಯೇಳ್ದ, ಚಿಬ್ಬು ಅಂತ." ಕತ್ತರಿ ಆಡಿಸಿದ್ದು ನಾನು ಎನ್ನುವುದು ಅವರಿಗೆ ಮರೆತೇಹೋಗಿತ್ತು. ಇಲ್ಲ, ಮರೆಯಬೇಕೆಂದು ಹಟ ಹಿಡಿದಿದ್ದರು.

ಮುಂದಿನ ಆರು ವರ್ಷಗಳನ್ನು ದಿನದಿನ ನೋಡಿದವಳು ನಾನು. ಮೊದಲು ಕಿರುಬೆರಳು ಬಾಗಿತು. ಮುಂದಿನ ಉಗಾದಿಗೆ ಉಂಗುರದ ಬೆರಳು. ಚಾಕು ತೆರೆಯಲು ಹೆಬ್ಬೆರಳಿನ ಉಗುರಿಗೆ ಬಲ ಸಾಲದೆ ಹಲ್ಲಿನಿಂದ ಕಚ್ಚಿ ತೆರೆಯತೊಡಗಿದರು. ಡಬ್ಬಿ ಒಂದು ಹೋಗಿ ಎರಡಾದವು. ಅದೇ ಮೂರಲಗು, ಕೊಂಬು, ಎಲುಬು, ಚಿಪ್ಪು, ಹಿತ್ತಾಳೆ. ಯಾರದೋ ದಿವಂಗತ ತಂದೆಯ ಜೇಬಿನದು, ಯಾವುದೋ ಬಂಗಲೆಯ ಕಸದ್ದು. ಒಂದು ಸಲ ಹನೂರಿನಿಂದ ಯಾರೋ ಹೇಳಿಕಳಿಸಿದರು ಎಂದು ಜ್ವರದಲ್ಲೇ ಬಸ್ಸು ಹತ್ತಿ ಹೋಗಿ, ಅದು ಎರಡೇ ಅಲಗಿನದು ಎಂದು ಕಂಡು ಬರಿಗೈಯಲ್ಲಿ ಬಂದರು. ಮಾರನೆಯ ದಿನ ಶಾಲೆಯಲ್ಲಿ ಅವರ ಮುಖ ನೋಡಲಾಗಲಿಲ್ಲ. ನಾನು ತಂದಿದ್ದ ರೊಟ್ಟಿ, ಹುರುಳಿಕಾಳಿನ ಗೊಜ್ಜನ್ನು ಹಲಗೆಯ ಮೇಲಿಟ್ಟೆ. ಕಾಗದದ ಸಮೇತ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿ ತಿಂದರು.

ಕೊನೆಕೊನೆಗೆ ಚಾಕುಗಳ ಮೇಲೇ ಕೈಮಾಡಿದರು. ಒಂದು ಬೆರಳಚ್ಚು ಬಿದ್ದರೂ ಒರೆಸುತ್ತಿದ್ದವರು, ಆ ಜಿಂಕೆ ಕೊಂಬಿನ ಹಿಡಿಗೆ ಅರಗು ಮೆತ್ತಿದರು. ಅದೂ ಜಾರಿತು. "ದಾರ ಸುತ್ಕೊಡ್ತೀರಾ? ಬಿಗಿಯಾಗಿ" ಎಂದು ಕೇಳಿದರು. ನಾನು ಒಂದೊಂದೇ ಚಾಕಿಗೆ ರೇಷ್ಮೆ ದಾರ ಸುತ್ತಿಕೊಟ್ಟೆ. ಮುತ್ತಿನ ಚಿಪ್ಪು ದಾರದೊಳಗೆ ಮುಚ್ಚಿಹೋಗುವುದನ್ನು ನೋಡುತ್ತ ಕೂತಿದ್ದರು. ಅದನ್ನೂ ಅಂಗೈಗೆ ಬಟ್ಟೆಯಿಂದ ಬಿಗಿದು ಕಟ್ಟಿಕೊಂಡು ಒಂದು ಚಮಚ ಕೆತ್ತಲು ಕೂತರು. ಮರ ಕಾಲಿನ ನಡುವೆ, ಚಾಕು ಕೈಗೆ ಕಟ್ಟಿದ್ದು, ಹಣೆಯಲ್ಲಿ ಬೆವರು. ಹುಡುಗರು ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಹೊಸದಾಗಿ ಬಂದ ಹೆಡ್ಮಾಸ್ಟರು ಒಂದು ವಾರ ನೋಡಿದರು. ಎಂಟನೆಯ ದಿನ ಕರೆದು, "ರಜಾ ಹಾಕಿ ಮನೇಲಿರಿ" ಅಂದರು. ಬೈಯಲಿಲ್ಲ, ದೂರದಲ್ಲಿ ನಿಂತು ಹೇಳಿದರು. ಆಗ ಮಾತ್ರ ಮೇಷ್ಟ್ರು ನನ್ನ ಜೊತೆ ಯಳಂದೂರಿಗೆ ಬರಲು ಒಪ್ಪಿದ್ದು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ವಾರಕ್ಕೊಂದು ದಿನ ಅಲ್ಲಿ ಒಬ್ಬ ಡಾಕ್ಟರು ಬಂದು ಆ ರೋಗಕ್ಕೆ ಗುಳಿಗೆ ಕೊಡುತ್ತಿದ್ದರು. ತಗಡಿನ ಚಾವಣಿ, ಬೆಂಚು, ಬೆಂಚಿನ ತುಂಬ ಜನ. ಡಾಕ್ಟರು ವಯಸ್ಸಾದವರು, ಕೈಗೆ ಏನೂ ಹಾಕಿಕೊಳ್ಳದೆ ಮೇಷ್ಟ್ರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೇಷ್ಟ್ರು ಬೆಚ್ಚಿ ಎಳೆದುಕೊಳ್ಳಲು ನೋಡಿದರು. ಎಷ್ಟು ವರ್ಷವಾಗಿತ್ತೋ ಅವರನ್ನು ಇನ್ನೊಬ್ಬರು ಮುಟ್ಟಿ.

"ಹೆದರಬೇಡಿ. ಇದು ಅಂಟೋ ಜಾತಿಯದಲ್ಲ" ಎಂದರು ಡಾಕ್ಟರು. "ಗುಳಿಗೆಗೆ ನಿಂತುಬಿಡುತ್ತೆ. ಆದರೆ ಬಾಗಿದ ಬೆರಳು ವಾಪಸು ಬರಲ್ಲ. ಮೊದಲಲ್ಲೇ ಬಂದಿದ್ದರೆ ಇವರಿಂದ ಯಾರಿಗೂ ಅಂಟಲ್ಲ ಅಂತ ನಾನೇ ಒಂದು ಚೀಟಿ ಬರೆದುಕೊಡುತ್ತಿದ್ದೆ. ಕೆಲಸವೂ ಇರುತ್ತಿತ್ತು, ಕೈಯೂ ಇರುತ್ತಿತ್ತು. ನಿಮ್ಮ ಶಾಲೆಗೆ ನಮ್ಮವರು ಬಂದಿರಲಿಲ್ಲವೇ?"

ಮೇಷ್ಟ್ರು ಕೈಗೆ ಟವೆಲ್ಲು ಸುತ್ತಿಕೊಂಡರು. ಡಾಕ್ಟರು ಹಳೆಯ ಪುಸ್ತಕ ತರಿಸಿದರು. ಶಾಲೆಯ ಹೆಸರು, ಮೇಷ್ಟ್ರ ಹೆಸರು, ಎದುರಿಗೆ 'ಏನೂ ಇಲ್ಲ'. ಕೆಳಗೆ ಸಹಿ. ಸಹಿ ಹಾಕಿದವನು ಪಕ್ಕದ ಕೋಣೆಯಲ್ಲೇ ಗುಳಿಗೆ ಎಣಿಸುತ್ತಿದ್ದ. ಅದೇ ಮಾಂಬಳ್ಳಿಯ ಯುವಕ, ಈಗ ಸ್ವಲ್ಪ ದಪ್ಪಗಾಗಿದ್ದ. ಬೆಂಚಿನ ಜನರ ಎದುರೇ ಡಾಕ್ಟರು ಅವನನ್ನು ಕರೆಸಿ ತರಾಟೆಗೆ ತೆಗೆದುಕೊಂಡರು. "ಇದೇನಯ್ಯಾ ನೀನು ನೋಡಿದ್ದು? ಒಬ್ಬ ಕೆತ್ತುವವನ ಕೈ ಕಳೆದಿದೀಯ. ಇನ್ನೆಷ್ಟು ಜನಕ್ಕೆ ಹೀಗೆ ಬರೆದಿದೀಯೋ. ನಿನ್ನ ಮೇಲೆ ನಾನು ಮೇಲಿನವರಿಗೆ ಬರೆಯಬೇಕಾಗುತ್ತೆ."

"ಇಲ್ಲ ಸಾ, ಮುಟ್ಟಿದ್ದೆ ಸಾ. ಒಂದೂ ಬಿಡದಂಗೆ ಎಣಿಸುದ್ರು ಸಾ. ಕೇಳಿ ಸಾ ಅವರ್ನೇ." ಅವನ ಕಣ್ಣಲ್ಲಿ ನೀರಾಡಿತು.

ನಾನು ಮೇಷ್ಟ್ರನ್ನು ನೋಡಿದೆ. ಅವರು ಟವೆಲ್ಲಿನಲ್ಲಿ ಸುತ್ತಿದ ತಮ್ಮ ಕೈಯನ್ನೇ ನೋಡುತ್ತಿದ್ದರು. ನಾನು ಕಾದೆ. ಅವರು ಹೇಳಲಿ, ಅವರ ಮಾತು ಅವರೇ ಆಡಲಿ ಎಂದು ಕಾದೆ. ಅವರು ಆಡಲಿಲ್ಲ.

"ಆ ಹುಡುಗನ ತಪ್ಪಿಲ್ಲ ಡಾಕ್ಟ್ರೇ. ಮುಟ್ಟಿದಾಗಲೆಲ್ಲ ನಾನು ಕತ್ತರಿಯಲ್ಲಿ ಸದ್ದು ಮಾಡಿದೆ. ಅದನ್ನು ಕೇಳಿ ಎಣಿಸಿದರು" ಎಂದೆ.

ಡಾಕ್ಟರು ತುಂಬ ಹೊತ್ತು ನನ್ನನ್ನು ನೋಡಿದರು. ಪುಸ್ತಕ ಮುಚ್ಚಿದರು. ಗುಳಿಗೆ ಪೊಟ್ಟಣ ಕಟ್ಟಿಸಿ ಕೊಟ್ಟರು.

ಅವತ್ತಿನಿಂದ ಮೇಷ್ಟ್ರು ಕೊಳ್ಳೇಗಾಲದಲ್ಲಿ ಉಳಿಯಲಿಲ್ಲ, ಶಾಗ್ಯದ ಅಣ್ಣನ ಮನೆ ಸೇರಿದರು. ಗುಳಿಗೆ ಬಿಡಲಿಲ್ಲವಂತೆ, ರೋಗ ನಿಂತಿತಂತೆ. ಚಾಕುಗಳನ್ನು ಊರಿನವರಿಗೆ ಕೊಟ್ಟುಬಿಟ್ಟರಂತೆ. ಒಬ್ಬರು ಹೊಗೆಸೊಪ್ಪು ಹೆಚ್ಚುತ್ತಾರೆ, ಒಬ್ಬರು ಎಲೆಯ ತೊಟ್ಟು ಮುರಿಯುತ್ತಾರೆ. ಅದೆಲ್ಲ ಕಂಡಕ್ಟರು ಹೇಳಿದ ಮಾತು. ನಾನು ಅವರನ್ನು ಕೊನೆಯ ಸಲ ಕಂಡದ್ದು ಆ ದಿನವೇ, ಯಳಂದೂರಿನ ಬಸ್ಸು ನಿಲ್ಲುವ ಹುಣಸೆಮರದ ಕೆಳಗೆ.

ಬಸ್ಸು ತಡವಾಗಿತ್ತು. ನಾನು ಹೇಳಿಬಿಟ್ಟದ್ದಕ್ಕೆ ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

"ಟೀಚರಮ್ಮ, ಒಂದ್ಮಾತು ಕೇಳ್ತೀನಿ. ಅವತ್ತು ಒಂಬತ್ತು ಸಲ ಮುಟ್ಟುದ್ನಲ್ಲ. ಅದ್ರಲ್ಲಿ ಒಂದ್ ಮೂರ್ನಾಕು ನಂಗೇ ಗೊತ್ತಾಗಿತ್ತು ಅನ್ಸ್ತದೆ. ನೀವು ಕತ್ತರಿ ಆಡ್ಸಾಕೆ ಮುಂಚೇನೇ. ಅಲ್ವಾ?"

ಆರು ವರ್ಷ, ಎರಡು ಡಬ್ಬಿ ಚಾಕು, ಆ ಮೂರು ನಾಲ್ಕರ ಮೇಲೆ ನಿಂತಿದ್ದವು. ಹೌದು ಎಂದುಬಿಡಬಹುದಿತ್ತು. ಅಷ್ಟು ಹೊತ್ತಿಗೆ ನನಗೆ ಸುಳ್ಳು ಸಾಕಾಗಿತ್ತು.

"ಐದನೇದಕ್ಕೂ ಏಳನೇದಕ್ಕೂ ನಾನು ಬೇಕೆಂದೇ ತುಸು ತಡೆದೆ ಮೇಷ್ಟ್ರೇ. ನಿಮಗೆ ಗೊತ್ತಾಗುತ್ತಾ ನೋಡೋಣ ಅಂತ. ಕತ್ತರಿ ಆಡಿಸುವವರೆಗೂ ನೀವು ಎಣಿಸಲಿಲ್ಲ."

ಅವರು ತಲೆಯಾಡಿಸಿದರು, ಪಾಠ ಅರ್ಥವಾದ ಹುಡುಗನ ಹಾಗೆ. ಬಸ್ಸು ಬಂತು. ಎಡಗೈಯಿಂದ ಕಂಬಿ ಹಿಡಿದು ಹತ್ತಿಕೊಂಡರು. ನಾನು ಹತ್ತಲಿಲ್ಲ, ಮುಂದಿನ ಬಸ್ಸಿಗೆ ಬಂದೆ.

ಅವರು ಕೇಳದೆ ಹೋದ, ನಾನು ಹೇಳದೆ ಉಳಿದ ಒಂದು ಮಾತಿದೆ. ಐದನೆಯ ಸಲ ಗರಿ ಮುಟ್ಟಿಸಿದಾಗ ಅವರು ಎಣಿಸಲಿಲ್ಲ. ಯುವಕನ ಕೈ ಅಲ್ಲೇ ನಿಂತಿತು. ಅವನು ಮೆಲ್ಲಗೆ ತಲೆಯೆತ್ತಿ ಅವರ ಮುಖ ನೋಡಿದ, ಪೆನ್ನಿನ ಕಡೆ ಕೈ ಚಾಚಿದ. ಅವನಿಗೆ ಅನುಮಾನ ಬಂದಿತ್ತು. ಕತ್ತರಿ ನನ್ನ ಕೈಯಲ್ಲಿ ಬಾಯಿ ತೆರೆದುಕೊಂಡಿತ್ತು. ಇನ್ನೊಂದು ಉಸಿರು ನಾನು ಹಾಗೇ ಹಿಡಿದುಕೊಂಡಿದ್ದರೆ ಅವನು ಬರೆದುಕೊಳ್ಳುತ್ತಿದ್ದ.